ಕಾವಲು ಗೋಪುರದಿಂದ ವರವು ಕಾವಲಿನವರೆಗೆ

೧

ಬೆಂಗಳೂರಿನ ಪಡುವಣ ಭಾಗದಲ್ಲಿ, ವಿಜಯನಗರದ ಮಗ್ಗುಲಲ್ಲಿರುವ ಮಾರೇನಹಳ್ಳಿಯು ಈಗ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿದೆ. ಕಳೆದ ವೈಶಾಖಮಾಸದಲ್ಲಿ ಅಲ್ಲಿಯ ಒಂದು ಮದುವೆಗೆ ಹೋಗಿದ್ದೆನು. ಧಾರೆಯ ಮುಹೂರ್ತಕ್ಕೆ ಮುಂಚೆ ಛತ್ರದ ಮಹಡಿಯ ಮೇಲಿನಿಂದ ಒಂದು ಸಣ್ಣ ಯಂತ್ರವು ಜೇನ್ನೊಣದಂತೆ ಝೇಂಕರಿಸುತ್ತ ಮೇಲೆದ್ದು, ತೆಂಗಿನ ಗರಿಗಳಿಗಿಂತ ಎತ್ತರದಲ್ಲಿ ನಿಂತು, ಕೆಳಗಿದ್ದ ಚಪ್ಪರವನ್ನೂ ಬೀಗರನ್ನೂ ಚಿತ್ರಿಸತೊಡಗಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಅದನ್ನು ನಡೆಸುತ್ತಿದ್ದ ಹುಡುಗನನ್ನು ಕರೆದು, “ಏನಪ್ಪಾ, ಇದು ನಮ್ಮವರೇ ಮಾಡಿದ್ದೋ?” ಎಂದು ಕೇಳಿದರು. “ಜೋಡಿಸಿದ್ದು ಇಲ್ಲೇ ತಾತ, ಮಾಗಡಿ ರಸ್ತೇಲಿ. ಮೋಟಾರು, ಬ್ಯಾಟರಿ, ಕ್ಯಾಮರಾ ಮಾತ್ರ ಹೊರಗಿನಿಂದ ಬರೋದು” ಎಂದು ಅವನು ವಿನಯದಿಂದಲೇ ಹೇಳಿದನು. ವೃದ್ಧರು ನಕ್ಕು, “ಹಾಗಾದರೆ ರೆಕ್ಕೆ ನಮ್ಮದು, ಎದೆಯೂ ಕಣ್ಣೂ ಅವರದು” ಎಂದರು.

ಅವರು ವಿನೋದಕ್ಕಾಗಿ ಆಡಿದ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಆಳಿಲ್ಲದೆ ಹಾರುವ ಈ ವಿಮಾನಗಳನ್ನು ಲೋಕವು ಡ್ರೋನ್ ಎಂದು ಕರೆಯುತ್ತದೆ. ಗಂಡುಜೇನಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಇದು. ಗಡಿಯನ್ನು ಕಾಯುವುದಕ್ಕೂ ಪೈರನ್ನು ನೋಡುವುದಕ್ಕೂ ನೆಲವನ್ನು ಅಳೆಯುವುದಕ್ಕೂ ಇವು ಬೇಕಾಗಿವೆ. ನಮ್ಮ ದೇಶವು ಇವುಗಳನ್ನು ತಾನೇ ಮಾಡಿಕೊಳ್ಳಬೇಕೆಂಬ ಪ್ರಯತ್ನವು ಬಹುಮಟ್ಟಿಗೆ ಬೆಂಗಳೂರಿನಲ್ಲಿಯೇ ನಡೆದುಬಂದಿದೆ. ಆ ಪ್ರಯತ್ನದ ಚರಿತ್ರೆಯನ್ನು ಸಂಗ್ರಹವಾಗಿ ಹೇಳಿ, ಅದರಿಂದ ನಾವು ಕಲಿಯಬೇಕಾದುದೇನೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ದೂರವನ್ನು ನೋಡಬಲ್ಲವನೇ ನಾಡನ್ನು ಕಾಯಬಲ್ಲನೆಂಬುದು ಹಳೆಯ ಅರಿವು. ಮಾರೇನಹಳ್ಳಿಗೆ ಹೆಚ್ಚು ದೂರವಲ್ಲದ ಕೆಂಪಾಂಬುಧಿ ಕೆರೆಯ ಬಳಿ, ಕೆಂಪೇಗೌಡರ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಗೋಪುರಗಳಲ್ಲಿ ಒಂದು ನಿಂತಿದೆ. ಉಳಿದವು ಲಾಲ್‌ಬಾಗಿನ ಬಂಡೆಯ ಮೇಲೂ, ಹಲಸೂರು ಕೆರೆಯ ಬಳಿಯೂ, ಮೇಖ್ರಿ ವೃತ್ತದ ಹತ್ತಿರವೂ ಇವೆ. ಇವು ಪಟ್ಟಣದ ಎಲ್ಲೆಯ ಗುರುತುಗಳೆಂದು ಕೆಲವರೂ, ಕಾವಲಿನ ನೆಲೆಗಳೆಂದು ಕೆಲವರೂ ಹೇಳುತ್ತಾರೆ. ಹೇಗಾದರೂ ಆಗಲಿ, ಆ ಗೋಪುರವನ್ನೇರಿ ನೋಡುತ್ತಿದ್ದ ಕಣ್ಣು ಈ ನಾಡಿನವರದಾಗಿತ್ತು. ಕಂಡ ಸಂಗತಿಯು ಮೊದಲು ಈ ನಾಡಿನವರಿಗೇ ತಿಳಿಯುತ್ತಿತ್ತು.

೧೭೯೯ನೆಯ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ಉಕ್ಕಿನ ಸರಪಣಿಯನ್ನು ಹಿಡಿದು ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದನು. ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಊರು, ಕೆರೆ, ಕಾಡು, ದಾರಿಗಳನ್ನೆಲ್ಲ ಮೋಜಣಿಮಾಡಿಸುವ ಕಾರ್ಯಕ್ಕೆ ತೊಡಗಿದನು. ಲ್ಯಾಂಬ್ಟನ್ನನ ಕೆಲಸವು ಮುಂದೆ ಇಡೀ ಇಂಡಿಯಾದ ತ್ರಿಕೋನಮಿತಿಯ ಮಹಾಮೋಜಣಿಗೆ ನಾಂದಿಯಾಯಿತು. ಶಾಸ್ತ್ರದೃಷ್ಟಿಯಿಂದ ಅದು ಅದ್ಭುತವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಸಂಗತಿಯನ್ನು ಮರೆಯಲಾಗದು. ನೆಲವು ನಮ್ಮದಾಗಿದ್ದರೂ ನೆಲದ ಪಟವು ಅನ್ಯರ ಕೈಯಲ್ಲಿತ್ತು. ರಾಜ್ಯವನ್ನು ಗೆದ್ದವರು ಗೆದ್ದೊಡನೆ ಮಾಡಿದ ಮೊದಲ ಕಾರ್ಯಗಳಲ್ಲಿ ಒಂದು, ಅದನ್ನು ನೋಡುವ ಸಾಧನವನ್ನು ಸ್ಥಾಪಿಸಿದುದು. ನೋಟದ ಸ್ವಾತಂತ್ರ್ಯವು ನಾಡಿನ ಸ್ವಾತಂತ್ರ್ಯದಿಂದ ಬೇರೆಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕೆ?

೩

ನೋಟವು ಗೋಪುರದಿಂದ ಆಕಾಶಕ್ಕೇರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ೧೯೪೦ನೆಯ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರ್ಕಾರವು ಅದಕ್ಕೆ ಜಮೀನನ್ನೂ ಬಂಡವಾಳವನ್ನೂ ಒದಗಿಸಿತು. ೧೯೪೧-೪೨ರಲ್ಲಿ ಅಮೆರಿಕದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಿ ಹಾರ್ಲೊ ಎಂಬ ತರಬೇತಿನ ವಿಮಾನವನ್ನೂ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವನ್ನೂ ಸಿದ್ಧಪಡಿಸಿದರು. ಮಾರೇನಹಳ್ಳಿಯ ಹುಡುಗನು “ಜೋಡಿಸಿದ್ದು ಇಲ್ಲೇ” ಎಂದ ಮಾತು ಈ ಊರಿನಲ್ಲಿ ಹುಟ್ಟಿದ್ದು ಅಂದೇ ಎಂದು ಹೇಳಬಹುದು.

ಜೋಡಿಸುವುದರಿಂದ ರಚಿಸುವುದಕ್ಕೆ ಹೋಗಲು ಹತ್ತು ವರ್ಷ ಹಿಡಿಯಿತು. ೧೯೪೨ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ವಿಮಾನಶಾಸ್ತ್ರದ ವಿಭಾಗವು ಪ್ರಾರಂಭವಾಯಿತು. ಅದನ್ನು ಕಟ್ಟಿದ ವಿ. ಎಂ. ಘಾಟಗೆಯವರೇ ಮುಂದೆ ಎಚ್.ಟಿ. ೨ ಎಂಬ ತರಬೇತಿನ ವಿಮಾನವನ್ನು ರಚಿಸಿದರು. ಅದು ೧೯೫೧ರ ಆಗಸ್ಟಿನಲ್ಲಿ ಹಾರಿತು. ದೇಹವು ನಮ್ಮದು, ಯಂತ್ರವು ಇಂಗ್ಲೆಂಡಿನದು. ೧೯೬೧ರ ಜೂನ್ ೧೭ರಂದು ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರಚಿತವಾದ ‘ಮಾರುತ’ವೆಂಬ ಯುದ್ಧವಿಮಾನವು ಬೆಂಗಳೂರಿನ ಆಕಾಶದಲ್ಲಿ ಹಾರಿತು. ಅದರ ದೇಹವು ಇನ್ನೂ ಹೆಚ್ಚಿನ ವೇಗವನ್ನು ತಾಳುವಂತೆ ರಚಿಸಲ್ಪಟ್ಟಿದ್ದರೂ, ಅದಕ್ಕೆ ತಕ್ಕ ಬಲವುಳ್ಳ ಯಂತ್ರವು ಕೊನೆಯವರೆಗೂ ದೊರೆಯಲಿಲ್ಲ. ಒಟ್ಟು ೧೪೭ ವಿಮಾನಗಳಾದ ಮೇಲೆ ಆ ವಂಶವು ನಿಂತುಹೋಯಿತು. ರೆಕ್ಕೆಯುಂಟು, ಎದೆಯಿಲ್ಲವೆಂಬ ಕೊರತೆಯು ಆಳಿಲ್ಲದ ವಿಮಾನಗಳಿಗಿಂತ ಬಹಳ ಹಿಂದಿನದು.

೪

ಆಳಿಲ್ಲದ ವಿಮಾನದ ಕೆಲಸವನ್ನು ಮುಖ್ಯವಾಗಿ ವಹಿಸಿಕೊಂಡುದು, ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಎ.ಡಿ.ಇ. ಎಂದು ಹೆಸರಾದ ರಕ್ಷಣಾ ಇಲಾಖೆಯ ಪ್ರಯೋಗಾಲಯ. ಅದರ ಮೊದಲ ದೊಡ್ಡ ಕೃತಿಯ ಹೆಸರು ‘ಲಕ್ಷ್ಯ’. ಫಿರಂಗಿ ಮತ್ತು ಕ್ಷಿಪಣಿಗಳವರು ಗುರಿಯಿಟ್ಟು ಹೊಡೆಯುವ ಅಭ್ಯಾಸಮಾಡುವುದಕ್ಕಾಗಿ, ಹಾರುವ ಗುರಿಯೊಂದು ಬೇಕಾಗಿತ್ತು. ಲಕ್ಷ್ಯವು ೧೯೮೫ರಲ್ಲಿ ಮೊದಲು ಹಾರಿತು. ೨೦೦೦ನೆಯ ವರ್ಷದಲ್ಲಿ ಸೇನೆಯ ಸೇವೆಗೆ ಸೇರಿತು. ನೆಲದಿಂದ ಆಜ್ಞೆಯನ್ನು ಪಡೆದು ಹಾರಿ, ಕೆಲಸ ತೀರಿದ ಮೇಲೆ ಕೊಡೆಯನ್ನು ಬಿಚ್ಚಿಕೊಂಡು ಸಮುದ್ರಕ್ಕೋ ನೆಲಕ್ಕೋ ಇಳಿಯುವುದು ಅದರ ಕ್ರಮ. ಅದಕ್ಕೆ ಬೇಕಾದ ಸಣ್ಣ ಜೆಟ್ ಯಂತ್ರವನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸಿನವರೇ ರಚಿಸಿದರೆಂಬುದು ಸ್ಮರಣೀಯವಾದ ಸಂಗತಿ. ಈ ಒಂದು ವಿಷಯದಲ್ಲಿ ರೆಕ್ಕೆಯೂ ಎದೆಯೂ ಎರಡೂ ನಮ್ಮವಾದುವು. ಆದರೆ ಲಕ್ಷ್ಯವು ಹೊಡೆಯಿಸಿಕೊಳ್ಳುವುದಕ್ಕಾಗಿ ಹಾರುವ ವಿಮಾನ, ನೋಡುವುದಕ್ಕಾಗಿ ಹಾರುವುದಲ್ಲ.

ನೋಡುವುದಕ್ಕಾಗಿ ಹಾರಬೇಕಾದುದು ‘ನಿಶಾಂತ’. ಅದು ಓಟದ ಹಾದಿಯಿಲ್ಲದೆ, ಲಾರಿಯ ಮೇಲಿನ ಕವಣೆಯಂಥ ಸಾಧನದಿಂದ ಚಿಮ್ಮಿ ಮೇಲೇರುತ್ತಿತ್ತು. ನಾಲ್ಕು ಗಂಟೆಗೂ ಮೀರಿ ಹಾರಿ, ಕೊಡೆಯ ಸಹಾಯದಿಂದ ನೆಲಕ್ಕಿಳಿಯುತ್ತಿತ್ತು. ೧೯೯೫ರಲ್ಲಿ ಅದರ ಮೊದಲ ಹಾರಾಟಗಳಾದುವು. ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯುತ್ತಿರುವಷ್ಟರಲ್ಲಿಯೇ ೧೯೯೯ರ ಬೇಸಗೆಯು ಬಂದಿತು.

ಕಾರ್ಗಿಲಿನ ಶಿಖರಗಳನ್ನು ಶತ್ರುಗಳು ಆಕ್ರಮಿಸಿದ್ದು ನಮ್ಮವರಿಗೆ ತಿಳಿಯುವಷ್ಟರಲ್ಲಿ ಅವರು ಅಲ್ಲಿ ಬೇರೂರಿದ್ದರು. ಆ ಎತ್ತರದಲ್ಲಿ ಸುಳಿದು ನೋಡಬಲ್ಲ ಆಳಿಲ್ಲದ ವಿಮಾನಗಳು ಸೈನ್ಯದ ಕೈಯಲ್ಲಿರಲಿಲ್ಲ. ಚಿತ್ರ ತೆಗೆಯುವುದಕ್ಕಾಗಿ ಹೋದ ಹಳೆಯ ಕ್ಯಾನ್‌ಬೆರಾ ವಿಮಾನವೊಂದು ಮೇ ೨೧ರಂದು ಕ್ಷಿಪಣಿಯ ಪೆಟ್ಟನ್ನು ತಿಂದು, ಚಾಲಕರ ಧೈರ್ಯದಿಂದ ಹೇಗೋ ಹಿಂದಿರುಗಿತು. ಐನೂರಕ್ಕೂ ಹೆಚ್ಚು ಮಂದಿ ಯೋಧರು ಆ ಯುದ್ಧದಲ್ಲಿ ಪ್ರಾಣವನ್ನರ್ಪಿಸಿದರು. ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಸಮಿತಿಯು ಆ ಬಳಿಕ ವಿಚಾರಣೆಮಾಡಿ, ಆಳಿಲ್ಲದ ವಿಮಾನಗಳೂ ಸೂಕ್ಷ್ಮದೃಷ್ಟಿಯ ಉಪಗ್ರಹಗಳೂ ಆವಶ್ಯಕವೆಂದು ಸೂಚಿಸಿತು. ಕಾಣದ ಕಣ್ಣಿಗೆ ತೆತ್ತ ಬೆಲೆಯು ಎಷ್ಟೆಂಬುದನ್ನು ಲೆಕ್ಕಹಾಕುವವರು ಈ ಸಂಗತಿಯನ್ನು ನೆನೆಯಬೇಕು. ಆ ಕೊರತೆಯನ್ನು ಆಗ ತುಂಬಿದುವು ಇಸ್ರೇಲಿನಿಂದ ಕೊಂಡ ಸರ್ಚರ್, ಹೆರಾನ್ ಎಂಬ ವಿಮಾನಗಳು. ಯುದ್ಧವು ಯಾರಿಗೂ ಕಾಯುವುದಿಲ್ಲ. ಆದಕಾರಣ ಅಂದು ಕೊಂಡುದನ್ನು ತಪ್ಪೆನ್ನಲಾಗದು.

ಈ ನಡುವೆ ನಿಶಾಂತದ ಕೆಲಸವೂ ಸಾಗಿತ್ತು. ನಮ್ಮ ಪ್ರಯೋಗಾಲಯಗಳು ಕೂಡಿ ಅದಕ್ಕಾಗಿ ರಚಿಸಿದ ಯಂತ್ರವನ್ನು ೨೦೦೯ರಲ್ಲಿ ಕೋಲಾರದ ಬಳಿ ಹಾರಿಸಿ ಪರೀಕ್ಷಿಸಿದರು. ಸೈನ್ಯಕ್ಕೆ ೨೦೧೧ರ ಹೊತ್ತಿಗೆ ಸೇರಿದ ನಿಶಾಂತಗಳು ನಾಲ್ಕು. ೨೦೧೫ರ ಕೊನೆಯೊಳಗೆ ನಾಲ್ಕೂ ಬಿದ್ದು ಒಡೆದುವು. ಸೈನ್ಯವು ಮತ್ತೆ ಕೇಳಲಿಲ್ಲ. ಮೊದಲ ಹಾರಾಟಕ್ಕೂ ಸೇವೆಗೂ ನಡುವೆ ಹದಿನಾರು ವರ್ಷ. ಸೇವೆಗೂ ಅಂತ್ಯಕ್ಕೂ ನಡುವೆ ನಾಲ್ಕು ವರ್ಷ.

ಮೂರನೆಯ ಪ್ರಯತ್ನಕ್ಕೆ ‘ರುಸ್ತುಂ’ ಎಂದು ಹೆಸರಿಟ್ಟರು. ಬೆಂಗಳೂರಿನ ರಾಷ್ಟ್ರೀಯ ವಿಮಾನ ಪ್ರಯೋಗಾಲಯದಲ್ಲಿ ೧೯೮೦ರ ದಶಕದಲ್ಲಿ ಹಗುರವಾದ ಸಣ್ಣ ವಿಮಾನವೊಂದನ್ನು ರಚಿಸಿದ ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ನೆನಪಿಗಾಗಿ ಇಟ್ಟ ಹೆಸರಿದು. ಅವರ ವಿಮಾನದ ರೂಪವೇ ಹೊಸ ವಿಮಾನಕ್ಕೆ ಆಧಾರವಾಯಿತು. ೨೦೦೯ರ ನವೆಂಬರಿನಲ್ಲಿ ಹೊಸೂರಿನಲ್ಲಿ ಹಾರಿಸಿದಾಗ ಅದು ಬಿದ್ದುಹೋಯಿತು. ೨೦೧೦ರ ಅಕ್ಟೋಬರಿನಲ್ಲಿ ಅದೇ ಊರಿನಲ್ಲಿ ಚೆನ್ನಾಗಿ ಹಾರಿತು. ಅದರ ದೊಡ್ಡ ತಮ್ಮನಾದ ‘ತಪಸ್’ ೨೦೧೬ರ ನವೆಂಬರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಮೊದಲ ಬಾರಿಗೆ ಗಗನಕ್ಕೇರಿತು. ೩೦,೦೦೦ ಅಡಿ ಎತ್ತರದಲ್ಲಿ ೨೪ ಗಂಟೆಗಳ ಕಾಲ ಹಾರುತ್ತಿರಬೇಕೆಂಬುದು ಅದಕ್ಕೆ ವಿಧಿಸಿದ ನಿಯಮ. ಅದು ಸಾಧಿಸಿದ್ದು ಸುಮಾರು ೨೮,೦೦೦ ಅಡಿ, ೧೮ ಗಂಟೆ. ದೇಹವು ಉದ್ದೇಶಿಸಿದ್ದಕ್ಕಿಂತ ಭಾರವಾಯಿತು. ಯಂತ್ರವು ಆಸ್ಟ್ರಿಯಾದಿಂದ ಬಂದುದು. ೨೦೧೯ರ ಸೆಪ್ಟೆಂಬರಿನಲ್ಲಿ ಒಂದೂ, ೨೦೨೩ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ ಇನ್ನೊಂದೂ ಹೊಲಕ್ಕೆ ಬಿದ್ದುವು. ೨೦೨೪ರ ಆದಿಯಲ್ಲಿ ಆ ಯೋಜನೆಯನ್ನು ಮುಖ್ಯಕಾರ್ಯಗಳ ಪಟ್ಟಿಯಿಂದ ಕೆಳಗಿಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ೩೧ ಎಂ.ಕ್ಯೂ. ೯ಬಿ ವಿಮಾನಗಳನ್ನು ಸುಮಾರು ೩೨,೦೦೦ ಕೋಟಿ ರೂಪಾಯಿಗಳಿಗೆ ಅಮೆರಿಕದಿಂದ ಕೊಳ್ಳುವ ಒಪ್ಪಂದಕ್ಕೆ ಸಹಿಯಾಯಿತು.

೫

ಇದನ್ನೋದಿ, ಈ ವಿದ್ಯೆಯು ನಮ್ಮ ಕೈಗೆ ಎಟುಕತಕ್ಕದ್ದಲ್ಲವೆಂದು ವಾಚಕರು ನಿರಾಶರಾಗಬಾರದು. ಇದೇ ಊರಿನಲ್ಲಿ, ಇದೇ ಬಗೆಯ ಜನರು, ಇನ್ನೂ ಕಷ್ಟವಾದ ಕಣ್ಣೊಂದನ್ನು ಕಟ್ಟಿ ಆಕಾಶದಲ್ಲಿಟ್ಟಿದ್ದಾರೆ. ಆ ಕಥೆಯು ನಡೆದದ್ದು ಮಾರೇನಹಳ್ಳಿಯಿಂದ ಉತ್ತರಕ್ಕೆ ಕೆಲವೇ ಮೈಲಿಗಳ ದೂರದ ಪೀಣ್ಯದಲ್ಲಿ.

೧೯೭೨ರಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾದ ಮೇಲೆ, ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರು ಪೀಣ್ಯದ ಕೈಗಾರಿಕಾ ವಸಾಹತಿನ ಷೆಡ್ಡುಗಳಲ್ಲಿ ತರುಣರ ತಂಡವೊಂದನ್ನು ಕೂಡಿಸಿ ‘ಆರ್ಯಭಟ’ವನ್ನು ಕಟ್ಟಿದರು. ೩೬೦ ಕಿಲೋಗ್ರಾಂ ತೂಕದ ಆ ಉಪಗ್ರಹವು ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನ ಮೇಲೆ ಏರಿತು. ಕೆಲವೇ ದಿನಗಳಲ್ಲಿ ವಿದ್ಯುಚ್ಛಕ್ತಿಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು. ಆದರೆ ಕೆಲಸವು ನಿಲ್ಲಲಿಲ್ಲ. ೧೯೭೯ರಲ್ಲಿ ಭೂಮಿಯನ್ನು ನೋಡುವ ‘ಭಾಸ್ಕರ’ವೂ, ೧೯೮೧ರಲ್ಲಿ ಎರಡನೆಯ ಭಾಸ್ಕರವೂ ಏರಿದುವು. ಎರಡನೆಯದರ ಎರಡು ಕ್ಯಾಮರಾಗಳಲ್ಲಿ ಒಂದು ಕೆಟ್ಟಿತು. ಉಳಿದ ಒಂದರಿಂದಲೇ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದುವು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ಆಗಲೇ ಹೈದರಾಬಾದಿನ ಬಳಿಯ ಕೇಂದ್ರದಲ್ಲಿ ದೊರೆಯುತ್ತಿದ್ದುವು, “ಅವು ಇರುವಾಗ ನಮಗೇಕೆ ಈ ತೊಂದರೆ?” ಎಂದು ಯಾರೂ ಕೈಚೆಲ್ಲಲಿಲ್ಲ. ೧೯೮೮ರ ಮಾರ್ಚಿನಲ್ಲಿ ಐ.ಆರ್.ಎಸ್. ೧ಎ ಎಂಬ ನಮ್ಮ ದೂರಸಂವೇದಿ ಉಪಗ್ರಹವು ಕೆಲಸಕ್ಕೆ ತೊಡಗಿತು. ೧೯೯೩ರಲ್ಲಿ ಪಿ.ಎಸ್.ಎಲ್.ವಿ. ರಾಕೆಟ್ಟಿನ ಮೊದಲ ಹಾರಾಟವು ವಿಫಲವಾಯಿತು. ೧೯೯೪ರ ಎರಡನೆಯ ಹಾರಾಟವು ಸಫಲವಾಯಿತು. ೨೦೦೧ರಲ್ಲಿ ಏರಿದ ಟಿ.ಇ.ಎಸ್. ಎಂಬ ಉಪಗ್ರಹವು ಸುಮಾರು ಒಂದು ಮೀಟರಿನಷ್ಟು ಸಣ್ಣ ವಸ್ತುವನ್ನು ಬೇರ್ಪಡಿಸಿ ತೋರಬಲ್ಲುದಾಗಿತ್ತು.

ಈ ಎರಡು ವಂಶಗಳನ್ನು ಎದುರೆದುರಾಗಿಟ್ಟು ನೋಡಿದರೆ ಭೇದವು ತಾನೇ ಹೊಳೆಯುತ್ತದೆ. ಬೀಳುವುದರಲ್ಲಿ ಭೇದವಿಲ್ಲ, ಎರಡೂ ಬಿದ್ದಿವೆ. ಬಿದ್ದ ಬಳಿಕ ನಡೆದುದರಲ್ಲಿ ಭೇದವುಂಟು. ಉಪಗ್ರಹದ ಕಾರ್ಯದಲ್ಲಿ ಒಂದು ಬೀಳುವುದರೊಳಗೆ ಇನ್ನೊಂದು ಸಿದ್ಧವಾಗುತ್ತಿತ್ತು. ಮೊದಲನೆಯದರ ತಪ್ಪು ಎರಡನೆಯದಕ್ಕೆ ಪಾಠವಾಗುತ್ತಿತ್ತು. ಚಿಕ್ಕದರಿಂದ ಪ್ರಾರಂಭಿಸಿ ಒಂದೊಂದೇ ಮೆಟ್ಟಲನ್ನು ಏರಿದರು. ಪೈರು, ಅಂತರ್ಜಲ, ಕಾಡುಗಳ ಇಲಾಖೆಗಳು ಆ ಚಿತ್ರಗಳನ್ನು ಬಳಸಿ ಗುಣದೋಷಗಳನ್ನು ತಿಳಿಸುತ್ತಿದ್ದುವು. ಆಳಿಲ್ಲದ ವಿಮಾನದಲ್ಲಾದರೋ, ಮಾಡುವವರು ಒಂದು ಮನೆ, ಬಳಸುವವರು ಇನ್ನೊಂದು ಮನೆ. ನಡುವೆ ಹದಿನೈದು ಇಪ್ಪತ್ತು ವರ್ಷಗಳ ಅಂತರ. ಅಷ್ಟರಲ್ಲಿ ಬೇಡಿಕೆಯೇ ಬದಲಾಗಿರುತ್ತಿತ್ತು. ನಾಲ್ಕು ವಿಮಾನಗಳಿಂದ ಯಾವ ಸೈನ್ಯವೂ ಅನುಭವವನ್ನು ಪಡೆಯಲಾರದು. ನಾಲ್ಕು ಬಿದ್ದರೆ ಎಲ್ಲವೂ ಬಿದ್ದಂತೆಯೇ. ನಲವತ್ತಿದ್ದಿದ್ದರೆ ನಾಲ್ಕರ ಪತನವು ಪಾಠವಾಗುತ್ತಿತ್ತು.

ಉಪಗ್ರಹಕ್ಕೂ ವಿಮಾನಕ್ಕೂ ಹೋಲಿಕೆ ಸಲ್ಲದೆಂದು ತಜ್ಞರು ಆಕ್ಷೇಪಿಸಬಹುದು. ಉಪಗ್ರಹವನ್ನು ಮೇಲೇರಿಸಿದ ಮೇಲೆ ಅದಕ್ಕೆ ಓಡುವ ಯಂತ್ರವು ಬೇಕಿಲ್ಲ. ಶತ್ರುವಿನ ಗುಂಡಿನ ಭಯವೂ ಅಲ್ಪ. ಮಳೆಗಾಳಿಯಲ್ಲಿ ಪ್ರತಿದಿನವೂ ಹಾರಿ ಇಳಿಯಬೇಕಾದುದರ ಕಷ್ಟವೇ ಬೇರೆ. ಈ ಆಕ್ಷೇಪವು ನ್ಯಾಯವಾದುದೇ. ಆದರೆ ಇದರಿಂದ ಸಿದ್ಧವಾಗುವುದೇನು? ವಿಮಾನಕ್ಕೆ ಇನ್ನೂ ಹೆಚ್ಚಿನ ತಾಳ್ಮೆಯೂ ಇನ್ನೂ ಹೆಚ್ಚಿನ ಸಂಖ್ಯೆಯೂ ಬೇಕೆಂಬುದಲ್ಲವೆ?

೬

ಈಚಿನ ವರ್ಷಗಳಲ್ಲಿ ಕಾಲವು ಅನುಕೂಲವಾಗಿ ತಿರುಗಿರುವಂತೆ ತೋರುತ್ತದೆ. ೨೦೨೧ರ ಆಗಸ್ಟಿನಲ್ಲಿ ಡ್ರೋನ್‌ಗಳ ಹೊಸ ನಿಯಮಗಳು ಬಂದು, ಅನುಮತಿಗಳ ತೊಡಕು ಬಹಳಷ್ಟು ಕಡಿಮೆಯಾಯಿತು. ೨೦೨೨ರ ಫೆಬ್ರವರಿಯಲ್ಲಿ, ಸಂಶೋಧನೆ ಮತ್ತು ರಕ್ಷಣೆಯಂಥ ಕೆಲವು ಕಾರ್ಯಗಳ ಹೊರತು, ಪರದೇಶದ ಡ್ರೋನ್‌ಗಳನ್ನು ತರಿಸುವುದನ್ನು ನಿಷೇಧಿಸಿದರು. ಬಿಡಿಭಾಗಗಳನ್ನು ತರಿಸುವುದಕ್ಕೆ ಅಡ್ಡಿಯಿಲ್ಲ. ೨೦೨೦ರಲ್ಲಿ ಪ್ರಾರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಲ್ಯಾಂಬ್ಟನ್ನನ ವಾರಸುದಾರವಾದ ಸರ್ವೆ ಆಫ್ ಇಂಡಿಯಾ ಸಂಸ್ಥೆಯೇ ಡ್ರೋನ್‌ಗಳನ್ನು ಹಾರಿಸಿ, ಹಳ್ಳಿಗಳ ಮನೆನಿವೇಶನಗಳನ್ನು ಅಳೆದು, ಒಡೆಯರಿಗೆ ಹಕ್ಕುಪತ್ರವನ್ನು ಕೊಡಿಸುವುದಕ್ಕೆ ನೆರವಾಗುತ್ತಿದೆ. ಗೆದ್ದವನಿಗಾಗಿ ಅಳೆದ ನೆಲವನ್ನು ಈಗ ನೆಲದವನಿಗಾಗಿಯೇ ಅಳೆಯುತ್ತಿರುವುದು ಸಂತೋಷದ ಸಂಗತಿ.

ಆದರೆ ವೃದ್ಧರ ಮಾತನ್ನು ಮತ್ತೆ ನೆನೆಯಬೇಕಾಗಿದೆ. ಯಂತ್ರವನ್ನು ತರಿಸುವುದನ್ನು ತಡೆದು ಭಾಗಗಳನ್ನು ತರಿಸುತ್ತಿದ್ದರೆ, ೧೯೪೧ರ ಜೋಡಣೆಯ ಕಾಲಕ್ಕೆ ಮರಳಿದಂತಾಗುತ್ತದೆ. ಮೋಟಾರು, ಬ್ಯಾಟರಿ, ಕ್ಯಾಮರಾದ ಬೆಳಕುಗ್ರಾಹಿ, ಮಾರ್ಗವನ್ನು ನಿರ್ಣಯಿಸುವ ಗಣಕಯಂತ್ರ, ಇವು ಯಾರ ಕೈಯಲ್ಲಿವೆಯೋ ವಿಮಾನವು ಕೊನೆಗೆ ಅವರ ಕೈಯಲ್ಲಿದೆ. ೨೦೨೫ರಲ್ಲಿ ಚೀನಾದ ಭಾಗಗಳು ಸೇರಿದ್ದುವೆಂಬ ಕಾರಣದಿಂದ ಸೈನ್ಯಕ್ಕಾಗಿ ಗೊತ್ತುಮಾಡಿದ್ದ ನಾಲ್ಕು ನೂರು ಡ್ರೋನ್‌ಗಳ ಒಪ್ಪಂದಗಳು ರದ್ದಾದುದಾಗಿ ಪತ್ರಿಕೆಗಳಲ್ಲಿ ವರದಿಯಾಯಿತು. ಭಾಗವು ಕೊರತೆಯಾದರೆ ಕೆಲಸ ನಿಲ್ಲುವುದು ಒಂದು ಕಷ್ಟ. ಭಾಗದೊಳಗೆ ಅನ್ಯರ ಕಣ್ಣು ಅಡಗಿರುವುದು ಇನ್ನೊಂದು ಕಷ್ಟ. ಜೋಡಣೆಯಲ್ಲಿ ಹಗುರವಿಲ್ಲ; ಎಲ್ಲ ವಿದ್ಯೆಯೂ ಅಲ್ಲಿಂದಲೇ ಮೊದಲಾಗುತ್ತದೆ. ಅಲ್ಲಿಯೇ ನಿಂತುಬಿಡುವುದು ಮಾತ್ರ ಹಾನಿ.

ಇನ್ನೆರಡು ಮಾತುಗಳನ್ನು ಹೇಳದೆ ಈ ಲೇಖನವನ್ನು ಮುಗಿಸಲಾಗದು. ತಪಸ್ ಹಾರಿದ ಚಳ್ಳಕೆರೆಯ ಪರೀಕ್ಷಾಕ್ಷೇತ್ರವು ೨೦೧೭ರ ಮೇ ೨೮ರಂದು ವಿಧಿಪೂರ್ವಕವಾಗಿ ಪ್ರಾರಂಭವಾಯಿತು. ಅದಿರುವ ಸ್ಥಳದ ಹೆಸರು ವರವು ಕಾವಲು. ಕಾವಲೆಂದರೆ ಕಾಯುವ ಕೆಲಸವೆಂದೂ ಅರ್ಥ, ದನಕ್ಕಾಗಿ ಕಾದಿರಿಸಿದ ಹುಲ್ಲುಗಾವಲೆಂದೂ ಅರ್ಥ. ಮೈಸೂರಿನ ಅರಸರು ಸೈನ್ಯದ ಬಂಡಿಗಳನ್ನೂ ಫಿರಂಗಿಗಳನ್ನೂ ಎಳೆಯುವ ಅಮೃತಮಹಲ್ ಎತ್ತುಗಳಿಗಾಗಿ ಕಾದಿರಿಸಿದ್ದ ನೆಲವದು. ಆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು ೧೦,೦೦೦ ಎಕರೆ ನೆಲವು ರಕ್ಷಣಾ ಸಂಶೋಧನೆಯೇ ಮೊದಲಾದ ಹಲವು ಸಂಸ್ಥೆಗಳಿಗೆ ಸೇರಿತು. ತಲತಲಾಂತರದಿಂದ ಅಲ್ಲಿ ಕುರಿದನಗಳನ್ನು ಮೇಯಿಸುತ್ತಿದ್ದ ಹಳ್ಳಿಗರಿಗೆ ಬೇಲಿಯು ಅಡ್ಡವಾಯಿತು. ಅವರ ಮೊರೆಯು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹಿಂದೆ ಸೈನ್ಯದ ಎತ್ತನ್ನು ಸಾಕಿದ ನೆಲವೇ ಇಂದು ಸೈನ್ಯದ ಕಣ್ಣನ್ನು ಸಾಕುತ್ತಿದೆ. ದೇಶದ ಸ್ವಾವಲಂಬನೆಗಾಗಿ ಯಾರು ತಮ್ಮ ಹುಲ್ಲುಗಾವಲನ್ನು ತೆತ್ತರೋ, ಅವರ ಹೆಸರು ಯಾವ ಶಿಲಾಫಲಕದಲ್ಲಿಯೂ ಇಲ್ಲದಿದ್ದರೂ ನಮ್ಮ ಲೆಕ್ಕದಲ್ಲಿಯಾದರೂ ಇರಬೇಕು. ಯೋಜನೆಯೊಂದನ್ನು ಅರ್ಧಕ್ಕೆ ಕೈಬಿಡುವಾಗ ಅವರಿಗೂ ಉತ್ತರ ಹೇಳಬೇಕಾಗುತ್ತದೆ.

ಎರಡನೆಯ ಮಾತು, ಕಣ್ಣು ಒಳಮುಖವಾಗಿ ತಿರುಗುವುದನ್ನು ಕುರಿತದ್ದು. ಗಡಿಯನ್ನು ನೋಡುವ ಯಂತ್ರವೇ ಬೀದಿಯನ್ನೂ ಮನೆಯಂಗಳವನ್ನೂ ನೋಡಬಲ್ಲುದು. ಕರ್ಣಾಟಕದ ಉಚ್ಚನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಏಕಮತದಿಂದ, ಪ್ರಜೆಯ ಖಾಸಗಿತನವು ಮೂಲಭೂತವಾದ ಹಕ್ಕೆಂದು ತೀರ್ಪಿತ್ತರು. ಯಂತ್ರವು ಸ್ವದೇಶಿಯಾದ ಮಾತ್ರಕ್ಕೆ ನೋಟವು ಸ್ವತಂತ್ರವಾಗುವುದಿಲ್ಲ. ಆ ನೋಟವನ್ನು ಆಳುವ ಕಾನೂನೂ ಸ್ವದೇಶಿಯಾಗಿ, ನ್ಯಾಯವಾಗಿ ಇರಬೇಕು.

ಕೆಂಪಾಂಬುಧಿಯ ಗೋಪುರವು ಇಂದಿಗೂ ನಿಂತಿದೆ; ಅದನ್ನೇರಿ ನೋಡುವವರಿಲ್ಲ. ಮಾಗಡಿ ರಸ್ತೆಯ ಹುಡುಗನಂಥವರು ಇಂದು ಈ ಊರಿನಲ್ಲಿ ಅನೇಕರಿದ್ದಾರೆ. ಪೀಣ್ಯದ ಷೆಡ್ಡುಗಳಲ್ಲಿ ಐವತ್ತು ವರ್ಷಗಳ ಹಿಂದ ಕುಳಿತಿದ್ದ ತರುಣರಿಗೂ ಇವರಿಗೂ ಬುದ್ಧಿಯಲ್ಲಿ ಅಂತರವಿಲ್ಲ. ಅವರಿಗೆ ದೊರೆತ ತಾಳ್ಮೆಯೂ, ಬಿದ್ದರೆ ಮತ್ತೆ ಏಳುವ ಅವಕಾಶವೂ ಇವರಿಗೆ ದೊರೆಯುವುದೇ ಎಂಬುದೊಂದೇ ಪ್ರಶ್ನೆ. ದೊರೆತರೆ, ಮುಂದೆ ಯಾವುದಾದರೊಂದು ಮದುವೆಯ ಚಪ್ಪರದಲ್ಲಿ ಯಾರಾದರೂ ಹಿರಿಯರು ಅದೇ ಪ್ರಶ್ನೆಯನ್ನು ಕೇಳಿದಾಗ, ರೆಕ್ಕೆಯೂ ಎದೆಯೂ ಕಣ್ಣೂ ನಮ್ಮವೇ ಎಂದು ಹುಡುಗನು ಹೇಳಬಹುದು.